ಸಾವಿರ ಕೈಗಳ ಮುಖ್ಯಸ್ಥ: ಮಿಮಾರ್ ಸಿನಾನ್



ಈ ಲೇಖನ ಬರೆಯಲು ಒಂದು ಕಾರಣವಿದೆ. ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗೋಡೆ ಪತ್ರಿಕೆ ಮಾಡುವ ತಂಡಕ್ಕೆ ನಾನು ನಾಯಕಿಯಾಗಿದ್ದೆ. ತಂಡದಲ್ಲಿ ಏಳು ಜನ ಇದ್ದೆವು. ಒಬ್ಬ ಗೆಳತಿ ಎರಡು ಸಂಜೆ ಕುಳಿತು ಕನ್ನಡ ಶೀರ್ಷಿಕೆಗಳನ್ನು ಬರೆದಿದ್ದಳು. ಅವು ನನಗೆ ಇಷ್ಟವಾಗಲಿಲ್ಲ. ಅವಳಿಗೆ ಹೇಳದೆ, ರಾತ್ರಿ ಮನೆಯಲ್ಲಿ ನಾನೇ ಬೇರೆ ಬರೆದು ಬೆಳಿಗ್ಗೆ ಅಂಟಿಸಿಬಿಟ್ಟೆ. ಪತ್ರಿಕೆಯ ಕೆಳಗೆ ನನ್ನ ಹೆಸರನ್ನು ದೊಡ್ಡದಾಗಿ ಬರೆದೆ. ಬಹುಮಾನವೂ ಬಂತು. ಗೆಳತಿ ಏನೂ ಹೇಳಲಿಲ್ಲ. ಆದರೆ ಈ ವರ್ಷ ಮತ್ತೆ ತಂಡ ಕಟ್ಟೋಣ ಎಂದು ಕರೆದಾಗ ಅವಳು ಬರಲಿಲ್ಲ.

ಅದೇ ವಾರ ವ್ಯವಹಾರ ಅಧ್ಯಯನ ತರಗತಿಯಲ್ಲಿ ಹೆನ್ರಿ ಫಯೋಲ್ ಅವರ 14 ನಿರ್ವಹಣಾ ತತ್ವಗಳ ಪಾಠ ಮುಗಿದಿತ್ತು. ಈ ತತ್ವಗಳಿಗೆ ಇತಿಹಾಸದಿಂದ ಒಂದು ಉದಾಹರಣೆ ಹುಡುಕಿ ತನ್ನಿ ಎಂದು ನಮ್ಮ ಉಪನ್ಯಾಸಕರು ಹೇಳಿದ್ದರು. ನನ್ನ ದಾದಾ ಗಾರೆ ಮೇಸ್ತ್ರಿಯಾಗಿದ್ದವರು. ಕಟ್ಟುವವನಿಗೆ ನಮ್ಮ ಮನೆಯ ಉರ್ದುವಿನಲ್ಲಿ ಮೇಮಾರ್ ಎನ್ನುತ್ತಾರೆ. ಗ್ರಂಥಾಲಯದಲ್ಲಿ ಹುಡುಕುವಾಗ ಅದೇ ಪದ ತುರ್ಕಿ ಭಾಷೆಯ ರೂಪದಲ್ಲಿ ಒಬ್ಬರ ಹೆಸರಿನ ಮುಂದೆ ಕಂಡಿತು: ಮಿಮಾರ್ ಸಿನಾನ್. ಅವರ ಜೀವನ ಓದುತ್ತಾ ಹೋದಂತೆ ಉದಾಹರಣೆಯೂ ಸಿಕ್ಕಿತು, ನನ್ನ ತಪ್ಪೂ ಕಂಡಿತು. ಆದ್ದರಿಂದ ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆಗಿರ್ನಾಸ್ ಎಂಬ ಹಳ್ಳಿ

ಸಿನಾನ್ ಅವರು ಸುಮಾರು 1490ರಲ್ಲಿ, ಇಂದಿನ ತುರ್ಕಿ ದೇಶದ ಕೈಸೇರಿ ಪಟ್ಟಣದ ಬಳಿಯ ಆಗಿರ್ನಾಸ್ ಎಂಬ ಹಳ್ಳಿಯಲ್ಲಿ ಒಂದು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಆಗ ಉಸ್ಮಾನಿ ಸಾಮ್ರಾಜ್ಯದಲ್ಲಿ ದೆವ್ಶಿರ್ಮೆ ಎಂಬ ಪದ್ಧತಿ ಇತ್ತು. ಕ್ರೈಸ್ತ ಹಳ್ಳಿಗಳಿಂದ ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿ ರಾಜಧಾನಿಗೆ ಒಯ್ಯುತ್ತಿದ್ದರು. ಅಲ್ಲಿ ಅವರನ್ನು ಮುಸ್ಲಿಮರನ್ನಾಗಿ ಮಾಡಿ, ಭಾಷೆ ಮತ್ತು ಕಸುಬು ಕಲಿಸಿ, ಸೈನ್ಯಕ್ಕೋ ಅರಮನೆಯ ಕೆಲಸಕ್ಕೋ ಸೇರಿಸುತ್ತಿದ್ದರು. ಹೀಗೆ ಹೋದವರಲ್ಲಿ ಕೆಲವರು ಮುಂದೆ ಪ್ರಧಾನ ವಜೀರರೂ ಆದರು. ಆದರೆ ಮಗನನ್ನು ಕಳುಹಿಸಿಕೊಟ್ಟ ತಾಯಿಯ ಕಡೆಯಿಂದ ನೋಡಿದರೆ ಇದು ಸಣ್ಣ ನೋವಲ್ಲ. ಸಿನಾನ್ ಅವರ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ.

ಸುಲ್ತಾನ್ ಒಂದನೆಯ ಸಲೀಮರ ಕಾಲದಲ್ಲಿ ಸಿನಾನ್ ಇಸ್ತಾಂಬುಲ್‌ಗೆ ಬಂದರು. ಅಲ್ಲಿ ಅವರು ಕಲಿತದ್ದು ಬಡಗಿ ಕೆಲಸ. ಮರವನ್ನು ಅಳೆಯುವುದು, ಕೊಯ್ಯುವುದು, ಜೋಡಿಸುವುದು ಅವರ ಮೊದಲ ವಿದ್ಯೆಯಾಯಿತು. ಮುಂದೆ ದೊಡ್ಡ ದೊಡ್ಡ ಗುಮ್ಮಟಗಳನ್ನು ಯೋಚಿಸಿದ ತಲೆಗೆ ಮೊದಲು ಕೈಕೆಲಸದ ಅಭ್ಯಾಸವಾಗಿತ್ತು. ಅವರ ಕೈಕೆಳಗಿನ ಬಡಗಿಗೆ ಒಂದು ಸಾರುವೆ ಕಟ್ಟಲು ಎಷ್ಟು ಹೊತ್ತು ಬೇಕು ಎಂಬುದು ಅವರಿಗೆ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ.

ಹುಟ್ಟಿದ ಊರನ್ನು ಅವರು ಮರೆಯಲಿಲ್ಲ. ಹಲವು ದಶಕಗಳ ನಂತರ ಸೈಪ್ರಸ್ ದ್ವೀಪವನ್ನು ಗೆದ್ದಾಗ, ಕೈಸೇರಿ ಸುತ್ತಲಿನ ಕುಟುಂಬಗಳನ್ನು ಅಲ್ಲಿಗೆ ಸಾಗಿಸಿ ನೆಲೆಗೊಳಿಸಲು ಸರ್ಕಾರ ಆಜ್ಞೆ ಮಾಡಿತು. ಆಗ ವೃದ್ಧರಾಗಿದ್ದ ಸಿನಾನ್ ತಮ್ಮ ಕ್ರೈಸ್ತ ಬಂಧುಗಳ ಪರವಾಗಿ ಅರ್ಜಿ ಹಾಕಿದರು. 1573ರಲ್ಲಿ ಅವರ ಬಂಧುಗಳಿಗೆ ವಿನಾಯಿತಿ ನೀಡಿದ ಆಜ್ಞಾಪತ್ರ ಹೊರಟಿತು.

ಸೈನ್ಯವೇ ಮೊದಲ ಕಾಲೇಜು

ಸಿನಾನ್ ವಾಸ್ತುಶಿಲ್ಪಿಯಾಗುವ ಮೊದಲು ಸುಮಾರು ಎರಡು ದಶಕ ಸೈನಿಕರಾಗಿದ್ದರು. ಜಾನಿಸಾರಿ ಎಂಬ ಪದಾತಿ ದಳದಲ್ಲಿ ಸೇರಿ 1521ರಲ್ಲಿ ಬೆಲ್‌ಗ್ರೇಡ್, 1522ರಲ್ಲಿ ರೋಡ್ಸ್ ದ್ವೀಪ, 1526ರಲ್ಲಿ ಹಂಗೇರಿಯ ಮೊಹಾಚ್ ಯುದ್ಧಗಳಲ್ಲಿ ಭಾಗವಹಿಸಿದರು. ನಂತರ ಬಾಗ್ದಾದ್‌ವರೆಗೂ ಸೈನ್ಯದೊಂದಿಗೆ ಹೋದರು. ಹೋದ ಕಡೆಯಲ್ಲೆಲ್ಲಾ ಹಳೆಯ ಕೋಟೆ, ಸೇತುವೆ, ಚರ್ಚು, ಮಸೀದಿಗಳನ್ನು ನೋಡುವ ಅವಕಾಶ ಅವರಿಗೆ ಸಿಕ್ಕಿತು. ಯಾವ ಕಮಾನು ಸಾವಿರ ವರ್ಷ ನಿಂತಿದೆ, ಯಾವ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ಕಣ್ಣೆದುರಿಗೇ ಇತ್ತು.

ಸೈನ್ಯದಲ್ಲಿ ಕಟ್ಟುವ ಕೆಲಸಕ್ಕೆ ಸಮಯ ಬಹಳ ಕಡಿಮೆ. ಪೂರ್ವದ ದಂಡಯಾತ್ರೆಯಲ್ಲಿ ವಾನ್ ಸರೋವರವನ್ನು ದಾಟಬೇಕಾದಾಗ ಸಿನಾನ್ ಅಲ್ಲಿಯೇ ಮೂರು ಹಡಗುಗಳನ್ನು ಕಟ್ಟಿಸಿದರು. 1538ರಲ್ಲಿ ಮೊಲ್ಡಾವಿಯಾ ಕಡೆಗೆ ಹೊರಟ ಸೈನ್ಯ ಪ್ರುತ್ ನದಿಯ ದಡದಲ್ಲಿ ನಿಂತುಬಿಟ್ಟಿತು. ಜವುಗು ನೆಲದಲ್ಲಿ ಸೇತುವೆ ನಿಲ್ಲುತ್ತಿರಲಿಲ್ಲ. ಲುತ್ಫಿ ಪಾಶಾ ಅವರು ಈ ಕೆಲಸಕ್ಕೆ ಸಿನಾನ್ ಹೆಸರನ್ನು ಸೂಚಿಸಿದರು. ಹದಿಮೂರು ದಿನಗಳಲ್ಲಿ ಮರದ ಸೇತುವೆ ಸಿದ್ಧವಾಯಿತು, ಸೈನ್ಯ ದಾಟಿತು ಎಂದು ಅವರ ಜೀವನ ವೃತ್ತಾಂತದಲ್ಲಿದೆ.

ಹದಿಮೂರು ದಿನಗಳಲ್ಲಿ ನದಿಗೆ ಸೇತುವೆ ಒಬ್ಬರಿಂದ ಆಗುವ ಕೆಲಸವಲ್ಲ. ಮರ ಕಡಿಯುವವರು, ಹೊರುವವರು, ನೀರಿಗಿಳಿದು ಕಂಬ ಹೂಳುವವರು, ಮೊಳೆ ಹೊಡೆಯುವವರು ಎಲ್ಲರೂ ಒಂದೇ ಲೆಕ್ಕಾಚಾರಕ್ಕೆ ಕೆಲಸ ಮಾಡಬೇಕು. ಯಾರು ಯಾವಾಗ ಏನು ಮಾಡಬೇಕು ಎಂದು ಮೊದಲೇ ತಿಳಿದಿರಬೇಕು. ಈ ವಿದ್ಯೆಯನ್ನು ಸಿನಾನ್ ಕಲಿತದ್ದು ದಂಡಯಾತ್ರೆಯಲ್ಲಿ. ಹೆಚ್ಚು ಕಡಿಮೆ ಅದೇ ಸಮಯಕ್ಕೆ ಅರಮನೆಯ ಮುಖ್ಯ ವಾಸ್ತುಶಿಲ್ಪಿಯ ಸ್ಥಾನ ಖಾಲಿಯಾಯಿತು. ಸುಲ್ತಾನ್ ಸುಲೈಮಾನರು ಸಿನಾನ್ ಅವರನ್ನು ಆ ಸ್ಥಾನಕ್ಕೆ ನೇಮಿಸಿದರು. ಆಗ ಅವರ ವಯಸ್ಸು ಐವತ್ತರ ಹತ್ತಿರ. ಬಹಳ ಜನ ನಿವೃತ್ತಿಯ ಬಗ್ಗೆ ಯೋಚಿಸುವ ವಯಸ್ಸಿನಲ್ಲಿ ಅವರ ನಿಜವಾದ ವೃತ್ತಿ ಆರಂಭವಾಯಿತು. ಮುಂದಿನ ಐವತ್ತು ವರ್ಷ, ಮೂವರು ಸುಲ್ತಾನರ ಕಾಲದಲ್ಲಿ, ಅವರು ಅದೇ ಹುದ್ದೆಯಲ್ಲಿದ್ದರು.

ಒಂದು ಕಚೇರಿ, ಇಡೀ ಸಾಮ್ರಾಜ್ಯ

ಮುಖ್ಯ ವಾಸ್ತುಶಿಲ್ಪಿ ಎಂದರೆ ಒಬ್ಬರೇ ಕುಳಿತು ನಕ್ಷೆ ಬರೆಯುವವರು ಎಂದು ನಾನು ಅಂದುಕೊಂಡಿದ್ದೆ. ಅದು ತಪ್ಪು. ಅವರ ಕೈಕೆಳಗೆ ಅರಮನೆಯ ವಾಸ್ತುಶಿಲ್ಪಿಗಳ ಒಂದು ದಳವೇ ಇತ್ತು. ನಕ್ಷೆ ಬರೆಯುವುದು, ಖರ್ಚಿನ ಅಂದಾಜು ಮಾಡುವುದು, ಇಟ್ಟಿಗೆ ಮತ್ತು ಕಲ್ಲಿನ ಅಳತೆ ನೋಡುವುದು, ಕೂಲಿಯ ದರವನ್ನು ಗಮನಿಸುವುದು, ನಗರದ ನೀರಿನ ಕಾಲುವೆಗಳನ್ನು ದುರಸ್ತಿ ಮಾಡಿಸುವುದು, ಹಳೆಯ ಕಟ್ಟಡಗಳನ್ನು ಕಾಪಾಡುವುದು ಎಲ್ಲವೂ ಈ ಕಚೇರಿಯ ಜವಾಬ್ದಾರಿ.

ಸಿನಾನ್ ಅವರ ಹೆಸರಿನಲ್ಲಿರುವ ಕೆಲಸಗಳ ಪಟ್ಟಿಯಲ್ಲಿ ನಾನೂರಕ್ಕಿಂತ ಹೆಚ್ಚು ಕಟ್ಟಡಗಳಿವೆ. ಮಸೀದಿಗಳು, ಮದರಸಾಗಳು, ಆಸ್ಪತ್ರೆಗಳು, ಸ್ನಾನಗೃಹಗಳು, ಪ್ರಯಾಣಿಕರ ತಂಗುದಾಣಗಳು, ಸೇತುವೆಗಳು, ಅನ್ನಛತ್ರಗಳು. ಒಂದು ದಮಾಸ್ಕಸ್‌ನಲ್ಲಿದ್ದರೆ ಮತ್ತೊಂದು ಬಾಲ್ಕನ್ ಪ್ರದೇಶದಲ್ಲಿದೆ. ಬೋಸ್ನಿಯಾದ ವಿಶೆಗ್ರಾಡ್‌ನಲ್ಲಿ ದ್ರೀನಾ ನದಿಗೆ ಕಟ್ಟಿದ ಹನ್ನೊಂದು ಕಮಾನುಗಳ ಕಲ್ಲಿನ ಸೇತುವೆ 1577ರಲ್ಲಿ ಮುಗಿಯಿತು. ರೈಲು, ಫೋನ್ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಇಷ್ಟೂ ಕಡೆ ನಿಂತು ಕಟ್ಟಿಸಲು ಸಾಧ್ಯವೇ ಇಲ್ಲ.

ಹಾಗಾದರೆ ಹೇಗೆ ನಡೆಯಿತು? ಮುಖ್ಯ ಕಟ್ಟಡಗಳ ವಿನ್ಯಾಸ ಇಸ್ತಾಂಬುಲ್‌ನ ಕಚೇರಿಯಲ್ಲಿ ಆಗುತ್ತಿತ್ತು. ನಕ್ಷೆಗಳನ್ನು ಚೌಕಗಳಿರುವ ಕಾಗದದ ಮೇಲೆ ಬರೆಯುತ್ತಿದ್ದರು. ಪ್ರತಿ ಚೌಕಕ್ಕೂ ಒಂದು ನಿಶ್ಚಿತ ಅಳತೆ ಇರುವುದರಿಂದ ದೂರದ ಊರಿನ ಮೇಸ್ತ್ರಿಗೂ ಅದು ಅರ್ಥವಾಗುತ್ತಿತ್ತು. ದಳದ ಒಬ್ಬ ವಾಸ್ತುಶಿಲ್ಪಿ ಆ ನಕ್ಷೆಯೊಂದಿಗೆ ಅಲ್ಲಿಗೆ ಹೋಗಿ ಉಸ್ತುವಾರಿ ವಹಿಸುತ್ತಿದ್ದರು. ಆ ಊರಿನ ಕಲ್ಲು, ಆ ಊರಿನ ಕಸುಬುದಾರರ ಅಭ್ಯಾಸಕ್ಕೆ ತಕ್ಕಂತೆ ಬದಲಾವಣೆ ಮಾಡಿಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು. ಆದ್ದರಿಂದಲೇ ದಮಾಸ್ಕಸ್‌ನ ಕಟ್ಟಡದಲ್ಲಿ ಕಪ್ಪು-ಬಿಳಿ ಕಲ್ಲಿನ ಪಟ್ಟೆಗಳಿವೆ. ಅದು ಸಿರಿಯಾದ ರೂಢಿ. ಗುಮ್ಮಟ ಮಾತ್ರ ಇಸ್ತಾಂಬುಲ್‌ನದು.

ನಮ್ಮ ಪಠ್ಯಪುಸ್ತಕದಲ್ಲಿ ಕೇಂದ್ರೀಕರಣ ಮತ್ತು ವಿಕೇಂದ್ರೀಕರಣ ಎಂದು ಓದುತ್ತೇವೆ. ಎರಡರ ನಡುವೆ ಸಮತೋಲನ ಬೇಕು ಎಂದು ಫಯೋಲ್ 1916ರಲ್ಲಿ ಬರೆದರು. ಸಿನಾನ್ ಅವರ ಕಚೇರಿ ಅದಕ್ಕಿಂತ ಮುನ್ನೂರೈವತ್ತು ವರ್ಷ ಮೊದಲೇ ಅದನ್ನು ಮಾಡುತ್ತಿತ್ತು.

ದಫ್ತರಿನಲ್ಲಿ ಉಳಿದ ಹೆಸರುಗಳು

1543ರಲ್ಲಿ ಸುಲ್ತಾನ್ ಸುಲೈಮಾನರ ಮಗ ಮೆಹ್ಮೆತ್ ತೀರಿಕೊಂಡರು. ಅವರ ನೆನಪಿಗೆ ಸಿನಾನ್ ಕಟ್ಟಿದ ಶಹಜಾದೆ ಮಸೀದಿ 1548ರಲ್ಲಿ ಮುಗಿಯಿತು. ನಡುವೆ ಒಂದು ಗುಮ್ಮಟ, ಅದಕ್ಕೆ ನಾಲ್ಕೂ ಕಡೆ ಅರ್ಧ ಗುಮ್ಮಟ. ಬಹಳ ಸುಂದರವಾದ ಈ ಕಟ್ಟಡವನ್ನು ಸಿನಾನ್ ತಮ್ಮ ಕಲಿಕೆಯ ಕಾಲದ ಕೆಲಸ ಎಂದು ಕರೆದುಕೊಂಡರಂತೆ. ಆಗ ಅವರಿಗೆ ಅರವತ್ತು ವರ್ಷದ ಹತ್ತಿರ!

1550ರಲ್ಲಿ ಸುಲೈಮಾನಿಯಾ ಮಸೀದಿಯ ಕೆಲಸ ಆರಂಭವಾಯಿತು. ಇದು ಬರೀ ಮಸೀದಿಯಲ್ಲ. ಸುತ್ತಲೂ ಮದರಸಾಗಳು, ವೈದ್ಯಕೀಯ ಶಾಲೆ, ಆಸ್ಪತ್ರೆ, ಅನ್ನಛತ್ರ, ಸ್ನಾನಗೃಹ, ಮಕ್ಕಳ ಶಾಲೆ ಎಲ್ಲವೂ ಸೇರಿದ ಸಂಕೀರ್ಣ. ಬೆಟ್ಟದ ಇಳಿಜಾರಿನಲ್ಲಿ ಇವೆಲ್ಲವನ್ನೂ ಜೋಡಿಸಬೇಕಿತ್ತು. ಏಳು ವರ್ಷ ಕೆಲಸ ನಡೆದು 1557ರಲ್ಲಿ ಮಸೀದಿ ಉದ್ಘಾಟನೆಯಾಯಿತು.

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಖುಷಿಪಡಬೇಕಾದ ವಿಷಯವೊಂದು ಇಲ್ಲಿದೆ. ಈ ಕಟ್ಟಡದ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ತುರ್ಕಿ ಭಾಷೆಯಲ್ಲಿ ಇವಕ್ಕೆ ದೆಫ್ತರ್ ಎನ್ನುತ್ತಾರೆ. ನಮ್ಮ ದಫ್ತರು ಎಂಬ ಪದ ಇದರದೇ ಬಂಧು. ಹಣದ ಲೆಕ್ಕಕ್ಕೆ ಬೇರೆಯೇ ಒಬ್ಬ ಅಮೀನ್ ಇದ್ದರು, ಅವರ ಕೈಕೆಳಗೆ ಗುಮಾಸ್ತರಿದ್ದರು. ಅಂದರೆ ವಿನ್ಯಾಸ ಮಾಡುವವರ ಕೈಗೆ ಖಜಾನೆಯ ಬೀಗ ಕೊಟ್ಟಿರಲಿಲ್ಲ. ಕೆಲಸ ಮಾಡುವವರು ಒಬ್ಬರು, ಲೆಕ್ಕ ಇಡುವವರು ಇನ್ನೊಬ್ಬರು. ಇಂದಿಗೂ ಒಳ್ಳೆಯ ಸಂಸ್ಥೆಗಳಲ್ಲಿ ಹೀಗೆಯೇ ಇರುತ್ತದೆ.

ತುರ್ಕಿಯ ಇತಿಹಾಸಕಾರ ಓಮೆರ್ ಲುತ್ಫಿ ಬರ್ಕಾನ್ ಅವರು ಈ ಪುಸ್ತಕಗಳನ್ನು ಕುಳಿತು ಓದಿ ಎಣಿಸಿದರು. ಕಸುಬುದಾರರ ಹೆಸರು, ಊರು, ಕೂಲಿ ಅದರಲ್ಲಿ ದಾಖಲಾಗಿವೆ. ಕಲ್ಲುಕುಟಿಗರು, ಗೋಡೆ ಕಟ್ಟುವವರು, ಬಡಗಿಗಳು, ಕಮ್ಮಾರರು, ಬಣ್ಣಗಾರರು, ಗಾಜಿನ ಕೆಲಸದವರು, ಗುಮ್ಮಟಕ್ಕೆ ಸೀಸದ ತಗಡು ಹೊದಿಸುವವರು ಎಲ್ಲಾ ಸೇರಿ ಅವರ ಎಣಿಕೆಗೆ ಬಂದವರು 3,523 ಜನ. ಅವರಲ್ಲಿ ಶೇಕಡಾ 51 ಕ್ರೈಸ್ತರು, ಶೇಕಡಾ 49 ಮುಸ್ಲಿಮರು. ಗೋಡೆ ಕಟ್ಟುವವರಲ್ಲಿ ಹೆಚ್ಚಿನವರು ಕ್ರೈಸ್ತರಾದರೆ ಬಡಗಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಸಾಮ್ರಾಜ್ಯದ ಅತಿ ದೊಡ್ಡ ಮಸೀದಿಗಳಲ್ಲಿ ಒಂದನ್ನು ಕಟ್ಟಿದ ಕೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗಳು ಬೇರೆ ಧರ್ಮದವರದು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಕಾಲೇಜಿನ ತರಗತಿಯೂ ನೆನಪಾಯಿತು.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಅದೇ ಲೆಕ್ಕದ ಪ್ರಕಾರ ಕೆಲಸದ ದಿನಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೂಲಿ ಪಡೆದ ಸ್ವತಂತ್ರ ಕೆಲಸಗಾರರದು. ಉಳಿದದ್ದರಲ್ಲಿ ದೊಡ್ಡ ಪಾಲು ದೆವ್ಶಿರ್ಮೆಯಿಂದ ಬಂದು ತರಬೇತಿಯಲ್ಲಿದ್ದ ಹುಡುಗರದು. ಸುಮಾರು ಶೇಕಡಾ 5 ಹಡಗಿನ ಹುಟ್ಟು ಹಾಕುವ ಗುಲಾಮರದು. ಆ ಹುಡುಗರಂತೆಯೇ ಒಂದು ಕಾಲದಲ್ಲಿ ಸಿನಾನ್ ಕೂಡ ಬಂದವರು. ಕಟ್ಟಡದ ಸೌಂದರ್ಯದ ಜೊತೆ ಈ ಲೆಕ್ಕವನ್ನೂ ನಾವು ನೆನಪಿಡಬೇಕು.

ವಿನ್ಯಾಸದಲ್ಲಿಯೂ ಸಿನಾನ್ ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿಲ್ಲ. ಗೋಡೆಯ ಮೇಲಿನ ಆಯತುಗಳನ್ನು ಬರೆದವರು ಪ್ರಸಿದ್ಧ ಲಿಪಿಕಾರ ಅಹ್ಮದ್ ಕರಾಹಿಸಾರಿಯವರ ಶಿಷ್ಯ ಹಸನ್ ಚೆಲೆಬಿ. ಬಣ್ಣದ ಗಾಜಿನ ಕಿಟಕಿಗಳನ್ನು ಇಬ್ರಾಹೀಂ ಎಂಬ ಕುಶಲಕರ್ಮಿ ಮಾಡಿದರು. ಹೆಂಚಿನಂತೆ ಸುಟ್ಟು ಬಣ್ಣ ಹಾಕಿದ ಬಿಲ್ಲೆಗಳು ಇಜ್ನಿಕ್ ಊರಿನ ಕುಂಬಾರರಿಂದ ಬಂದವು. ಸಿನಾನ್ ಅವರು ಜಾಗ ಮತ್ತು ಅಳತೆ ಕೊಟ್ಟರು, ಬೆಳಕು ಎಲ್ಲಿಂದ ಬೀಳುತ್ತದೆ ಎಂದು ನಿರ್ಧರಿಸಿದರು. ಅಕ್ಷರವನ್ನು ಅಕ್ಷರ ಬಲ್ಲವರಿಗೆ ಬಿಟ್ಟರು. ಇಲ್ಲಿ ನನಗೆ ನಮ್ಮ ಗೋಡೆ ಪತ್ರಿಕೆಯ ಶೀರ್ಷಿಕೆಗಳು ನೆನಪಾಗದೆ ಇರಲಿಲ್ಲ.

ಗಾಳಿಯ ಹರಿವಿನ ಬಗ್ಗೆಯೂ ಒಂದು ಮಾತು. ರಾತ್ರಿ ಉರಿಯುವ ನೂರಾರು ಎಣ್ಣೆ ದೀಪಗಳ ಮಸಿ ಗೋಡೆಯ ಚಿತ್ತಾರವನ್ನು ಕೆಡಿಸಬಾರದೆಂದು, ಅದು ಗಾಳಿಯೊಂದಿಗೆ ಮುಖ್ಯ ಬಾಗಿಲಿನ ಮೇಲಿನ ಒಂದು ಕೋಣೆಗೆ ಸೇರುವಂತೆ ಯೋಜಿಸಲಾಗಿತ್ತು. ಆ ಮಸಿಯಿಂದ ಬರವಣಿಗೆಯ ಶಾಯಿ ಮಾಡುತ್ತಿದ್ದರು ಎನ್ನುತ್ತಾರೆ.

ಸುಲ್ತಾನರ ಕೋಪ

ಸಿನಾನ್ ಅವರು ತಮ್ಮ ಮುಪ್ಪಿನಲ್ಲಿ ಸಾಯಿ ಮುಸ್ತಫಾ ಚೆಲೆಬಿ ಎಂಬ ಕವಿಮಿತ್ರರಿಗೆ ತಮ್ಮ ಜೀವನವನ್ನು ಹೇಳಿ ಬರೆಸಿದರು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ.

ಸುಲೈಮಾನಿಯಾದ ಕೆಲಸ ನಿಧಾನವಾಗುತ್ತಿದೆ ಎಂದು ಕೆಲವರು ಸುಲ್ತಾನರ ಕಿವಿಗೆ ಹಾಕಿದರು. ಗುಮ್ಮಟ ನಿಲ್ಲುವುದೇ ಅನುಮಾನ, ಆ ಚಿಂತೆಯಲ್ಲಿ ವಾಸ್ತುಶಿಲ್ಪಿಗೆ ಬುದ್ಧಿಭ್ರಮಣೆಯಾಗಿದೆ ಎಂದೂ ಸುದ್ದಿ ಹಬ್ಬಿತು. ಸುಲ್ತಾನರು ಸಿಟ್ಟಿನಿಂದ ನೇರವಾಗಿ ಕಟ್ಟಡದ ಬಳಿಗೆ ಬಂದರು. ಆಗ ಸಿನಾನ್ ಅಮೃತಶಿಲೆಯ ಮೆಹ್ರಾಬ್ ಮತ್ತು ಮಿಂಬರ್ ಕೆಲಸವನ್ನು ನೋಡುತ್ತಾ ನಿಂತಿದ್ದರು. ದೊಡ್ಡ ಕೆಲಸ ಬಿಟ್ಟು ಸಣ್ಣದರಲ್ಲಿ ಏಕೆ ಕಾಲ ಕಳೆಯುತ್ತಿರುವೆ ಎಂದು ಸುಲ್ತಾನರು ಗದರಿದರು. ತಮ್ಮ ಪೂರ್ವಜರ ಕಾಲದ ಒಬ್ಬ ವಾಸ್ತುಶಿಲ್ಪಿಗೆ ಆದ ಗತಿಯನ್ನೂ ನೆನಪಿಸಿದರು. ಯಾವಾಗ ಮುಗಿಯುತ್ತದೆ ಎಂದು ಕೇಳಿದಾಗ ಸಿನಾನ್ ಎರಡು ತಿಂಗಳು ಎಂದರು. ಕೇಳಿದವರಿಗೆ ಸುದ್ದಿ ನಿಜವೇ ಇರಬೇಕು ಎನಿಸಿತು. ಅಷ್ಟು ಕೆಲಸ ಬಾಕಿ ಇತ್ತು.

ಈ ಪ್ರಸಂಗದಲ್ಲಿ ನನಗೆ ಮುಖ್ಯವೆನಿಸಿದ್ದು ಒಂದು ಸಂಗತಿ. ತಡವಾದದ್ದಕ್ಕೆ ಕಲ್ಲುಕುಟಿಗರನ್ನಾಗಲಿ, ಬಡಗಿಗಳನ್ನಾಗಲಿ, ಸಾಮಾನು ತರುವವರನ್ನಾಗಲಿ ಸಿನಾನ್ ಬೊಟ್ಟು ಮಾಡಿ ತೋರಿಸಲಿಲ್ಲ. ಮಾತು ಕೊಟ್ಟವರು ತಾವು, ಹೊಣೆಯೂ ತಮ್ಮದೇ. ಸುಲ್ತಾನರು ಹೋದ ಮೇಲೆ ಎಲ್ಲಾ ಕಸುಬುದಾರರನ್ನೂ ಸೇರಿಸಿ, ಹಗಲು ರಾತ್ರಿ ಕೆಲಸ ನಡೆಸಿ, ಎರಡು ತಿಂಗಳಲ್ಲಿ ಮುಗಿಸಿದರು. ಉದ್ಘಾಟನೆಯ ದಿನ ಸುಲ್ತಾನರು ಬಾಗಿಲಿನ ಕೀಲಿಯನ್ನು ಸಿನಾನ್ ಕೈಗೇ ಕೊಟ್ಟು ತೆರೆಯಲು ಹೇಳಿದರು ಎಂದು ವೃತ್ತಾಂತದಲ್ಲಿದೆ.

ಇನ್ನೊಂದು ದಂತಕಥೆಯೂ ಇದೆ. ಒಂದು ಮಗು ಹೊಸ ಮಿನಾರು ವಾಲಿದೆ ಎಂದಿತಂತೆ. ಸಿನಾನ್ ನಗದೆ, ಮಿನಾರಿಗೆ ಹಗ್ಗ ಕಟ್ಟಿಸಿ, ಕೆಲಸಗಾರರಿಂದ ಎಳೆಸಿ, ನೆಟ್ಟಗಾಯಿತೇ ಎಂದು ಮಗುವನ್ನೇ ಕೇಳಿದರಂತೆ. ಮಗು ಒಪ್ಪಿತು. ಮಿನಾರು ಮೊದಲೂ ನೆಟ್ಟಗೇ ಇತ್ತು. ಇದು ನಡೆದದ್ದೋ ಕಟ್ಟಿದ್ದೋ, ತಂಡದ ಕೆಲಸದ ಮೇಲೆ ಸುಳ್ಳು ಸುದ್ದಿ ಅಂಟಿಕೊಳ್ಳದಂತೆ ನೋಡಿಕೊಳ್ಳುವುದೂ ನಾಯಕನ ಕೆಲಸ ಎಂದು ಜನ ಅರ್ಥ ಮಾಡಿಕೊಂಡಿದ್ದಾರೆ.

ಪ್ರವಾಹ ಬಂದಾಗ

ಸಿನಾನ್ ಅವರ ಕೆಲಸವೆಲ್ಲಾ ಮೊದಲ ಸಲವೇ ಗೆದ್ದಿತು ಎಂದಲ್ಲ. ಇಸ್ತಾಂಬುಲ್ ಬೆಳೆದಂತೆ ಕುಡಿಯುವ ನೀರಿನ ಕೊರತೆಯಾಯಿತು. ದೂರದ ಕಾಡಿನ ತೊರೆಗಳಿಂದ ನೀರು ತರಲು ಅವರು ಕಾಲುವೆ ಮತ್ತು ಕಮಾನು ಸೇತುವೆಗಳ ದೊಡ್ಡ ಯೋಜನೆ ಮಾಡಿದರು. 1563ರಲ್ಲಿ ಭಾರಿ ಮಳೆ ಬಂದು ಪ್ರವಾಹದಲ್ಲಿ ಈ ಸೇತುವೆಗಳಿಗೆ ದೊಡ್ಡ ಹಾನಿಯಾಯಿತು. ಅವರು ಯೋಜನೆಯನ್ನು ಕೈಬಿಡಲಿಲ್ಲ, ಮತ್ತೆ ಕಟ್ಟಿಸಿದರು. ಸುಮಾರು 36 ಮೀಟರ್ ಎತ್ತರದ ಮಾಗ್ಲೋವಾ ಸೇತುವೆ ನಾಲ್ಕೂವರೆ ಶತಮಾನ ಕಳೆದರೂ ನಿಂತಿದೆ.

ಎಂಬತ್ತರ ನಂತರದ ಮೇರುಕೃತಿ

ಸುಲೈಮಾನರ ನಂತರ ಎರಡನೆಯ ಸಲೀಮರು ಎದಿರ್ನೆ ನಗರದಲ್ಲಿ ಮಸೀದಿ ಕಟ್ಟಲು ಹೇಳಿದರು. ಸಿನಾನ್ ಅವರಿಗೆ ಆಗ ಎಂಬತ್ತರ ಹತ್ತಿರ. ಸಾವಿರ ವರ್ಷಗಳ ಹಿಂದೆ 537ರಲ್ಲಿ ಮುಗಿದಿದ್ದ ಅಯಾ ಸೋಫಿಯಾದ ಗುಮ್ಮಟದಷ್ಟು ದೊಡ್ಡದನ್ನು ಯಾರೂ ಕಟ್ಟಲಾರರು ಎಂಬ ಮಾತು ಅವರನ್ನು ಬಹಳ ಕಾಲ ಕಾಡಿತ್ತು. ಸಲೀಮಿಯಾ ಮಸೀದಿಯಲ್ಲಿ ಎಂಟು ಕಂಬಗಳ ಮೇಲೆ 31 ಮೀಟರಿಗೂ ಹೆಚ್ಚು ಅಗಲದ ಗುಮ್ಮಟವನ್ನು ಅವರ ತಂಡ ನಿಲ್ಲಿಸಿತು. ಒಳಗೆ ನಿಂತರೆ ಅಡ್ಡಗೋಡೆಯಿಲ್ಲದೆ ಎಲ್ಲರಿಗೂ ಒಂದೇ ಆಕಾಶ ಕಂಡಂತೆ ಕಾಣುತ್ತದೆ ಎನ್ನುತ್ತಾರೆ ನೋಡಿದವರು. 1575ರಲ್ಲಿ ಅದು ತೆರೆಯಿತು. ಕಟ್ಟಿಸಿದ ಸುಲ್ತಾನರು ಅಷ್ಟರಲ್ಲಿ ತೀರಿಕೊಂಡಿದ್ದರು. ಸಿನಾನ್ ಇದನ್ನೇ ತಮ್ಮ ಉಸ್ತಾದ್ ಮಟ್ಟದ ಕೆಲಸ ಎಂದು ಎಣಿಸಿದರು. 2011ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನನ್ನ ಲೆಕ್ಕದಲ್ಲಿ ಅವರ ಇನ್ನೊಂದು ದೊಡ್ಡ ಕೆಲಸ ಅವರ ಶಾಗಿರ್ದರು. 1584ರಲ್ಲಿ, ತೊಂಬತ್ತು ದಾಟಿದ ಮೇಲೆ, ಸಿನಾನ್ ಹಜ್ ಯಾತ್ರೆಗೆ ಹೊರಟರು. ತಮ್ಮ ಜಾಗದಲ್ಲಿ ದಳದ ಇನ್ನೊಬ್ಬರನ್ನು ನೇಮಿಸಿ ಹೋದರು. ಕಚೇರಿಯ ಕೆಲಸ ನಿಲ್ಲಲಿಲ್ಲ. ಅದೇ ವರ್ಷಗಳಲ್ಲಿ ಮನೀಸಾ ಊರಿನಲ್ಲಿ ಮುರಾದಿಯಾ ಮಸೀದಿ ಏಳುತ್ತಿತ್ತು. ವಿನ್ಯಾಸ ಸಿನಾನ್ ಅವರದು. ಸ್ಥಳದಲ್ಲಿ ನಿಂತು ಕಟ್ಟಿಸುತ್ತಿದ್ದವರು ಮಹಮೂದ್. ಅವರು ನಡುವೆಯೇ ತೀರಿಕೊಂಡಾಗ ಮೆಹ್ಮೆತ್ ಆಗಾ ಬಂದು ಪೂರ್ತಿ ಮಾಡಿದರು. ಒಬ್ಬರು ಬಿಟ್ಟ ಜಾಗದಿಂದ ಇನ್ನೊಬ್ಬರು ಮುಂದುವರಿಸಲು ಆಗಬೇಕಾದರೆ ನಾಯಕನು ತನ್ನ ವಿದ್ಯೆಯನ್ನು ಮುಚ್ಚಿಟ್ಟಿರಬಾರದು.

ಈ ಮೆಹ್ಮೆತ್ ಆಗಾ ಮೊದಲು ಮುತ್ತಿನ ಚಿಪ್ಪನ್ನು ಮರದಲ್ಲಿ ಕೂರಿಸುವ ಕುಸುರಿ ಕೆಲಸದವರು. ಸಿನಾನ್ ಅವರ ಬಳಿ ವರ್ಷಗಟ್ಟಲೆ ಕಲಿತು ಮುಂದೆ ಮುಖ್ಯ ವಾಸ್ತುಶಿಲ್ಪಿಯಾದರು. ಪ್ರವಾಸಿಗರೆಲ್ಲಾ ನೀಲಿ ಮಸೀದಿ ಎಂದು ಕರೆಯುವ, 1609ರಲ್ಲಿ ಆರಂಭವಾದ ಸುಲ್ತಾನ್ ಅಹ್ಮದ್ ಮಸೀದಿಯನ್ನು ಕಟ್ಟಿದವರು ಅವರೇ. ಅವರಿಗೂ ಮೊದಲು, ಸಿನಾನ್ ತೀರಿಕೊಂಡ ಕೂಡಲೇ ಆ ಹುದ್ದೆಗೆ ಬಂದ ದಾವೂದ್ ಆಗಾ ಕೂಡ ಅದೇ ದಳದಲ್ಲಿ ಬೆಳೆದವರು.

ಒಂದು ಸಣ್ಣ ಸಮಾಧಿ

1588ರಲ್ಲಿ ಸಿನಾನ್ ಇಸ್ತಾಂಬುಲ್‌ನಲ್ಲಿ ನಿಧನರಾದರು. ಸುಲೈಮಾನಿಯಾ ಮಸೀದಿಯ ಹೊರಗೆ, ಎರಡು ರಸ್ತೆ ಕೂಡುವ ಮೂಲೆಯಲ್ಲಿ ಅವರ ಸಮಾಧಿ ಇದೆ. ತಾವೇ ಯೋಜಿಸಿದ ಸಣ್ಣ ಜಾಗ ಅದು. ಸುಲ್ತಾನರಿಗೆ ಅಷ್ಟು ದೊಡ್ಡ ಗುಮ್ಮಟ ಕಟ್ಟಿದವರು ತಮಗೆ ಇಷ್ಟೇ ಸಾಕೆಂದುಕೊಂಡರು. ತಮ್ಮ ಮೊಹರಿನಲ್ಲಿ ಅವರು ತಮ್ಮನ್ನು ಬಡವ, ಅಲ್ಪ ಎಂದೇ ಕೆತ್ತಿಸಿಕೊಂಡಿದ್ದರು. ತಮ್ಮ ಆಸ್ತಿಯನ್ನು ವಕ್ಫ್ ಮಾಡಿ ಶಾಲೆ ಮುಂತಾದ ಕೆಲಸಗಳಿಗೆ ಬಿಟ್ಟರು.

ಮಿತ್ರರೇ, ಸಿನಾನ್ ಅವರ ಹೆಸರು ಜಗತ್ತಿಗೆಲ್ಲಾ ಗೊತ್ತು. ಆ 3,523 ಜನರ ಹೆಸರು ಯಾವ ಕಮಾನಿನ ಮೇಲೂ ಇಲ್ಲ. ಆದರೆ ದಫ್ತರಿನಲ್ಲಿದೆ. ಗುಮಾಸ್ತರು ದಿನದಿನ ಹೆಸರು, ಕೂಲಿ ಬರೆದಿಟ್ಟದ್ದರಿಂದ ಇಂದು ನಾವು ಅವರನ್ನು ಎಣಿಸಬಹುದು. ಲೆಕ್ಕಶಾಸ್ತ್ರ ಒಣ ವಿಷಯ ಎಂದು ನಾನೂ ಹೇಳುತ್ತಿದ್ದೆ. ಇನ್ನು ಹೇಳುವುದಿಲ್ಲ.

ಈ ಕಥೆಯನ್ನು ದಾದಾರಿಗೆ ಹೇಳಿದಾಗ ಅವರು ಗುಮ್ಮಟದ ಅಗಲವನ್ನು ಕೇಳಲಿಲ್ಲ. ಅಷ್ಟು ಜನರಿಗೆ ಬಟವಾಡೆ ಸರಿಯಾಗಿ ಆಗುತ್ತಿತ್ತೇ ಎಂದು ಕೇಳಿದರು. ಜೀವನವಿಡೀ ಶನಿವಾರದ ಸಂಜೆಗೆ ಕಾದವರ ಪ್ರಶ್ನೆ ಅದು.

ಮಾರನೆಯ ದಿನ ನಾನು ಗೆಳತಿಯ ಬಳಿ ಹೋಗಿ ಕಳೆದ ವರ್ಷದ್ದಕ್ಕೆ ಕ್ಷಮೆ ಕೇಳಿದೆ. ಅವಳು ತಕ್ಷಣ ಒಪ್ಪಲಿಲ್ಲ. ಎರಡು ದಿನ ಬಿಟ್ಟು, ಶೀರ್ಷಿಕೆ ತಾನು ಬರೆದರೆ ಯಾರೂ ಬದಲಿಸಬಾರದು, ಇಷ್ಟವಾಗದಿದ್ದರೆ ಮುಖಕ್ಕೇ ಹೇಳಬೇಕು ಎಂಬ ಷರತ್ತಿನ ಮೇಲೆ ಬಂದಳು. ಈ ಬಾರಿಯ ಗೋಡೆ ಪತ್ರಿಕೆ ಮೆಟ್ಟಿಲ ಬಳಿ ಇದೆ. ದಯವಿಟ್ಟು ನೋಡಿ. ಕೆಳಗೆ ಎಂಟು ಹೆಸರುಗಳಿವೆ. ಎಂಟನೆಯದು ಏಣಿ ಹಿಡಿದು ನಿಂತು, ಮೊಳೆ ಹೊಡೆದುಕೊಟ್ಟ ನಮ್ಮ ಕಾಲೇಜಿನ ಅಟೆಂಡರ್ ಚಾಚಾ ಅವರದು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ